ಒಂದು ಸ್ಟಾಪ್ ಮೊದಲು

ಟೋಕನ್ ನಂಬ್ರ ಮೂವತ್ತೊಂದು, ಇನಾಸ್.
ಫ್ಯಾನಿನ ಕೆಳಗಿನ ಬೆಂಚಿನಲ್ಲೇ ಜಾಗ ಸಿಕ್ಕಿತು.
ಕೌಂಟರಿನ ಹುಡುಗಿ ಯಶವಂತಿ, ನಮ್ಮ ಕುಲಶೇಖರದ ಕಡೆಯವಳೇ,
ರಶೀದಿ ತಿರುಗಿಸಿ ನೋಡಿದಳು, ನನ್ನನ್ನೂ ನೋಡಿದಳು:
"ಬಾಯಮ್ಮ, ಇನ್ನು ಹದಿನಾಲ್ಕೇ ತಿಂಗಳು ಉಂಟಲ್ಲ,
ಈಗ ಮುರಿದರೆ ಲಾಸು."

ಮುರಿಯುವುದು ಅನ್ನುತ್ತಾರೆ ಇಲ್ಲಿ.
ಹಾಲು ಒಡೆಯುತ್ತದೆ, ಮದುವೆಯ ಮಾತು ಮುರಿಯುತ್ತದೆ;
ಕಾಗದದಲ್ಲಿರುವ ದುಡ್ಡೂ ಮುರಿಯುತ್ತದೆಂದು
ಅರವತ್ತಾರಕ್ಕೆ ಗೊತ್ತಾಯಿತು.
ಸದ್ದೇನೂ ಬರಲಿಲ್ಲ.

ಏಳೂವರೆಯ ಬಡ್ಡಿ ಐದೂಮುಕ್ಕಾಲಿಗೆ ಇಳಿಯುತ್ತದಂತೆ.
ಈಗಾಗಲೇ ಕೊಟ್ಟದ್ದರಲ್ಲಿ ಹೆಚ್ಚಾದದ್ದನ್ನು
ಅಸಲಿನಿಂದ ಹಿಡಿದುಕೊಳ್ಳುತ್ತಾರಂತೆ.
"ದಂಡ" ಅಂದಳು.
ತಪ್ಪು ಯಾವುದು ಅಂದೆ. ನಕ್ಕಳು, ಪಾಪ.

ನಿಮ್ಮ ಬಸ್ಸು ನೆನಪಾಯಿತು.
ಸ್ಟೇಟ್‌ಬ್ಯಾಂಕಿಗೆ ಟಿಕೇಟು ತೆಗೆದು
ಜ್ಯೋತಿಯಲ್ಲೇ ಇಳಿದ ಒಬ್ಬ ಅಜ್ಜ
ಎರಡು ರೂಪಾಯಿ ವಾಪಸು ಕೇಳಿದ್ದ.
ಕೊಟ್ಟಿರಿ, ನಿಮ್ಮ ಜೇಬಿನಿಂದ.
ರಾತ್ರಿ ಚಿಲ್ಲರೆ ಎಣಿಸುವಾಗ ಗೊಣಗಿದಿರಿ:
"ಮೊದಲೇ ಇಳಿಯುವುದು ಅವನ ಇಷ್ಟ, ಬಸ್ಸಿನದ್ದೇನು ತಪ್ಪು?"
ಆಮೇಲೆ ನೀವೇ ಇಳಿದಿರಿ,
ಟಿಕೇಟು ಎಲ್ಲಿಯವರೆಗಿತ್ತೆಂದು
ಯಾರಿಗೂ ತೋರಿಸದೆ.

ರಶೀದಿಯಲ್ಲಿ ನಮ್ಮಿಬ್ಬರ ಹೆಸರು.
ಕೆಳಗೆ ಸಣ್ಣಕ್ಷರ: ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು.
ಮರಣಪತ್ರದ ಜೆರಾಕ್ಸ್ ಕೊಟ್ಟೆ.
"ಉಳಿದವರು ನೀವೇ ಅಲ್ವ?" ಅಂದಳು, ತಲೆ ಎತ್ತದೆ.
ನಾನೇ ಮಗಾ, ಬೇರೆ ಯಾರಿದ್ದಾರೆ.
ನಾಲ್ಕು ವರ್ಷದಲ್ಲಿ ಯಾರೂ
ಇಷ್ಟು ನೇರವಾಗಿ ಕೇಳಿರಲಿಲ್ಲ.

ಮತ್ತೆ ಆ ಕಾಲಂ:
ಅವಧಿಗೆ ಮುನ್ನ ಹಣ ಹಿಂಪಡೆಯಲು ಕಾರಣ.
ಒಂದೇ ಗೆರೆಯಷ್ಟು ಜಾಗ.
ಅದರಲ್ಲಿ ಹೇಗೆ ಬರೆಯಲಿ
ಆಸ್ಪತ್ರೆಯ ಮಂಚದಲ್ಲಿ ಎದ್ದು ಕೂತು
ನೀವು ಗಾಳಿಯಲ್ಲಿ ಅಳತೆ ತೋರಿಸಿದ್ದನ್ನು?
ಇಷ್ಟುದ್ದ, ಇಷ್ಟಗಲ, ಕಾರ್ಕಳದ ಕರಿಕಲ್ಲು,
ಹೆಸರು ಕನ್ನಡದಲ್ಲಿ,
ರೂಟ್ ನಂಬ್ರ ಮಾತ್ರ ಬೇಡ ಮಾರಾಯ್ತಿ, ಎಂಬ ತಮಾಷೆ.
ಈಗ ನಿಮ್ಮ ತಲೆಯ ಹತ್ತಿರ ಮರದ ಶಿಲುಬೆ.
ಅದರ ಎಡಗೈಯನ್ನು ಗೆದ್ದಲು ತಿಂದಿದೆ,
ಪ್ರತಿ ನವೆಂಬರ್ ಎರಡಕ್ಕೆ ಬಣ್ಣ ಬಳಿದು ಮುಚ್ಚುತ್ತೇನೆ.

ಆದರೆ ಡಿಸೆಂಬರಿನಲ್ಲಿ ಮೂರು ರೋಸ್, ಎರಡು ಮದುವೆ.
ಒಂದೊಂದಕ್ಕೆ ಎಂಟುನೂರು ಸಾನ್ನಾಂ.
ಮನೆಯ ಎರಡು ಲೀಟರಿನ ಗ್ರೈಂಡರನ್ನು
ಹದಿನಾರು ಸಲ ತುಂಬಿಸಿ
ಹದಿನಾರು ಸಲ ಬಳಿದು ತೆಗೆಯಬೇಕು.
ಕಳೆದ ವಾರ ಮೋಟಾರು ಸುಟ್ಟ ವಾಸನೆ.
ಕಂಕನಾಡಿಯ ಅಂಗಡಿಯವ ಹತ್ತು ಲೀಟರಿನದ್ದು ತೋರಿಸಿದ,
ಓರೆ ಮಾಡಿದರೆ ಸಾಕು, ಹಿಟ್ಟು ತಾನೇ ಸುರಿಯುತ್ತದೆ.
ಮುಚ್ಚಳ ತೆಗೆದು ಒಳಗೆ ಕೈ ಇಟ್ಟೆ.
ಕಲ್ಲು.
ಕರಿಯದು, ತಣ್ಣಗೆ.
ನೀವು ತೋರಿಸಿದ ಆಕಾರವಲ್ಲ, ದುಂಡಗಿದೆ.

ಕಾರಣದ ಗೆರೆಯ ಮೇಲೆ 'ಕಲ್ಲು' ಎಂದು ಬರೆದೆ.
ಸುಳ್ಳಲ್ಲವಲ್ಲ.
ಯಶವಂತಿ ಓದಿ, ದನಿ ತಗ್ಗಿಸಿ,
"ಕಿಡ್ನಿಯದ್ದಾ ಬಾಯಮ್ಮ?" ಅಂದಳು.
ಹೌದು ಅನ್ನಲಿಲ್ಲ ನಾನು, ಅಲ್ಲ ಅಂತಲೂ ಅನ್ನಲಿಲ್ಲ.
ನೀರು ಜಾಸ್ತಿ ಕುಡಿಯಲು ಹೇಳಿದಳು.

ಗ್ರೈಂಡರಿಗೆ ನಲವತ್ತೊಂದು.
ತ್ರೀ ಫೇಸ್ ಎಳೆಯುವುದಕ್ಕೆ ಎಂಟು, ಮೆಸ್ಕಾಂನವ ನಾಳೆ ಬರುತ್ತಾನೆ.
ಕೋಪ ಇದ್ದರೆ ರಾತ್ರಿ ಕನಸಿನಲ್ಲಿ ಬಂದು ಸೀಟಿ ಊದಿ,
ನಾನು ಬೇಗ ಮಲಗುವುದಿಲ್ಲ ಈಚೆಗೆ.
ಮಿಕ್ಕ ಹನ್ನೊಂದು ಸಾವಿರವನ್ನು
ಅದೇ ಕೌಂಟರಿನಲ್ಲಿ ಇಟ್ಟು ಬಂದೆ, ಮೂರು ವರ್ಷಕ್ಕೆ,
ಈ ಸಲ ಒಂದೇ ಹೆಸರು.
ನಿಮ್ಮ ಅಕ್ಷರ ಕೆತ್ತುವ ಕೂಲಿಗೆ ಅಷ್ಟು ಸಾಕಂತೆ, ವಿಚಾರಿಸಿದ್ದೇನೆ.
ಕಲ್ಲಿಗೆ ಇನ್ನೊಂದಿಷ್ಟು ಸಾನ್ನಾಂ.