ಇನ್ನೊಬ್ಬರ ಅಂಗೈ

ಬೂದೊ, ಧ್ರುವವೃತ್ತದಿಂದ ಕೊಂಚ ಮೇಲೆ.
ಶುಕ್ರವಾರ ಎರಡೂವರೆಗೇ ಬಂದರಿನಲ್ಲಿ ಕತ್ತಲು.
ಮೀನಿನ ಉಗ್ರಾಣದ ಮೇಲಿನ ನಮ್ಮ ಕೋಣೆಯಲ್ಲಿ
ಐದು ಜನ, ಒಂದು ಬಿಳಿ ಹಲಗೆ,
ಕಂದು ಚೀಸು ಸವರಿದ ಲೆಫ್ಸೆಯ ತಟ್ಟೆ.
ಹಿಂದಿನ ಎರಡು ವಾರ ಹೇಗಿತ್ತು, ಬರೆಯಿರಿ,
ಅನ್ನುತ್ತಾಳೆ ಯೋರುನ್. ಐದು ನಿಮಿಷ.
ಪೆನ್ನುಗಳ ಕಿರುಗುಟ್ಟು ಬಿಟ್ಟರೆ ಹೀಟರಿನ ಕೆಮ್ಮು.

ಹಳದಿ ಚೀಟಿ ಒಳ್ಳೆಯದಕ್ಕೆ, ಗುಲಾಬಿ ಕೆಟ್ಟದ್ದಕ್ಕೆ,
ಹಸಿರು, ನಾಳೆಯಿಂದ ಹೀಗೆ ಮಾಡೋಣ ಅನ್ನುವುದಕ್ಕೆ.
ಹಸಿರೇ ಹೆಚ್ಚು ಉದುರುತ್ತದೆ.
ಬಿಸಿಗೆ ಅಂಟು ಒಣಗಿ ಒಂದೊಂದೇ ನೆಲಕ್ಕೆ;
ಸೋಮವಾರ ಗುಡಿಸುವವರು ಒಯ್ಯುತ್ತಾರೆ
ನಮ್ಮ ಸುಧಾರಣೆಗಳನ್ನೆಲ್ಲ, ಒಂದೇ ಮೊರದಲ್ಲಿ.

ಆದರೂ ನಕ್ಷೆ ಏರುತ್ತಿತ್ತು.
ಮೂವತ್ತೊಂದು, ಮೂವತ್ತಾರು, ನಲವತ್ತು ಅಂಕ.
ಹಾಲ್ವಾರ್ ಅದನ್ನು ಫ್ರಿಜ್ಜಿಗೆ ಅಂಟಿಸಿದ್ದ,
ಮಗು ಬರೆದ ಮೊದಲ ಚಿತ್ರದ ಹಾಗೆ.
ಬೆಳಗ್ಗೆ ನಿಂತೇ ನಡೆಸುವ ಸಭೆಯಲ್ಲಿ
ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು?
ಅಡ್ಡಿ ಏನೂ ಇಲ್ಲ, ಅಂದೆ ನಾನು, ನಲವತ್ತು ದಿನ.
ಸುಳ್ಳಲ್ಲ. ನನಗೇನೂ ಅಡ್ಡಿ ಇರಲಿಲ್ಲ.

ಸೆಂಹಾರ್ ಹೊಸಬಳು. ಅಸ್ಮಾರಾದಲ್ಲಿ ಹುಟ್ಟಿ
ಇಲ್ಲಿಯ ಚಳಿಯನ್ನು ಇನ್ನೂ ಕ್ಷಮಿಸದವಳು.
ಜನವರಿಯ ಒಂದು ಮಂಗಳವಾರ ಯಾರಿಗೂ ಹೇಳದೆ
ಆರೂವರೆಯ ಫೆರಿ ಹತ್ತಿದಳು,
ಟಿಕೆಟ್ಟಿನ ಯಂತ್ರಕ್ಕೆ ನಾವು ಬರೆದದ್ದು
ಯಾರ ಕೈಯಲ್ಲಿ ಹೇಗಿರುತ್ತದೆ ನೋಡಲು.

ಆ ಕೈ ಓಡ್ವಾರನದು.
ಕಾರಿನಿಂದ ಕಾರಿಗೆ, ಉಪ್ಪುಗಾಳಿಯಲ್ಲಿ,
ಸಂಖ್ಯೆ ಒತ್ತಿ, ದರ ಒತ್ತಿ, ಆಮೇಲೆ
ಖಚಿತವೇ? ಎಂದು ಕೇಳುತ್ತದೆ ಪರದೆ.
ಉಗುರಿನಗಲದ ಹೌದು, ಉಗುರಿನಗಲದ ಅಲ್ಲ.
ಪ್ರತಿ ಸಲ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು
ಬರಿಬೆರಳಲ್ಲಿ ಒತ್ತುತ್ತಾನೆ: ಹೌದು.
ಐವತ್ತೆರಡು ಕಾರು. ಐವತ್ತೆರಡು ಹೌದು.
ಬೆರಳ ತುದಿ ಸೀಳಿ, ಪರದೆಯ ಮೂಲೆಯಲ್ಲಿ
ಒಣಗಿದ ಕೆಂಪು.

ಆ ಪ್ರಶ್ನೆ ಬರೆದವನು ನಾನು.
ಹದಿಮೂರು ಸಾಲು, ಎರಡು ಅಂಕ,
ಪರೀಕ್ಷೆಯೆಲ್ಲ ಪಾಸು.
ಹಳದಿ ಚೀಟಿಯೂ ಬಂದಿತ್ತು ಅದಕ್ಕೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುವುದುಂಟು.
ಹುಣ್ಣು ಇನ್ನೊಬ್ಬರ ಅಂಗೈಯಲ್ಲಿದ್ದರೆ?
ನಮ್ಮ ಗೋಡೆ ತುಂಬ ಕನ್ನಡಿಗಳೇ ಇದ್ದವು.
ಎಲ್ಲದರಲ್ಲೂ ನಾವೇ.

ಆ ಶುಕ್ರವಾರ ಸೆಂಹಾರ್ ಚೀಟಿ ಬರೆಯಲಿಲ್ಲ.
ಚೀಲದಿಂದ ಒಂದು ಗ್ಲೌಸು ತೆಗೆದಳು,
ಓಡ್ವಾರನ ಹಳೆಯದು, ತೋರುಬೆರಳಲ್ಲಿ ಹಲ್ಲಿನ ಗುರುತು,
ಡೀಸೆಲ್ಲಿನ ವಾಸನೆ.
ಹಾಕಿಕೊಂಡು ಒತ್ತಿ, ಅಂದಳು.
ಸರದಿಯಂತೆ ಒತ್ತಿದೆವು. ಯಾರಿಂದಲೂ ಆಗಲಿಲ್ಲ.
ಲೆಫ್ಸೆ ಹಾಗೇ ಉಳಿಯಿತು.

ಮುಂದಿನ ಎರಡು ವಾರ ನಾವು ಬರೆಯಲಿಲ್ಲ, ಅಳಿಸಿದೆವು.
ಹದಿಮೂರು ಸಾಲು ಕಿತ್ತರೆ ಅದರ ಬೇರು ಹಿಡಿದು
ಇನ್ನೂರು ಸಾಲು ಬಂತು, ಕಳೆ ಕೀಳುವಾಗಿನ ಹಾಗೆ.
ಇದು ಯಾಕೆ ಇಲ್ಲಿದೆ, ಎಂದು ಒಬ್ಬರನ್ನೊಬ್ಬರು ಕೇಳಿದೆವು;
ಯಾರಿಗೂ ನೆನಪಿರಲಿಲ್ಲ.
ಅಂಕ ಹನ್ನೊಂದಕ್ಕೆ ಇಳಿಯಿತು.
ಹಾಲ್ವಾರ್ ಮಾತಾಡದೆ ನಕ್ಷೆಯನ್ನು ತೆಗೆದು
ಅದೇ ಆಯಸ್ಕಾಂತಕ್ಕೆ ಗ್ಲೌಸನ್ನು ಸಿಕ್ಕಿಸಿದ.

ಎಲ್ಲ ಸರಿಹೋಯಿತು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು.
ಸೋಮವಾರ ಓಡ್ವಾರನ ಫೋನು:
ಖಚಿತವೇ ಎಂದು ಈಗ ಕೇಳದ ಯಂತ್ರ
ಜೇಬಿನೊಳಗೆ ತನಗೆ ತಾನೇ ಒತ್ತಿಕೊಂಡು
ಶವವಾಹನದ ಚಾಲಕನಿಗೊಂದು,
ಹಿಂದೆ ಮಲಗಿದ್ದವರಿಗೊಂದು
ಹೋಗಿ-ಬರುವ ಟಿಕೆಟ್ಟು ಕೊಟ್ಟಿದೆಯಂತೆ.
ನಗುತ್ತಿದ್ದ; ನಗುವಿನ ನಡುನಡುವೆ ಗಾಳಿ.
ಬೆರಳು ಹೇಗಿದೆ, ಕೇಳಿದೆ.
ಮಾಯುತ್ತಿದೆ, ಅಂದ. ಇದನ್ನೂ ಒಂದು ನೋಡಿ.

ಮರುದಿನ ಬೆಳಗ್ಗೆ ನನ್ನ ಸರದಿ. ಅಡ್ಡಿ ಏನು?
ಇದೆ, ಅಂದೆ.
ಯೋರುನ್ ಹಸಿರು ಚೀಟಿಯ ಕಟ್ಟು ನನ್ನತ್ತ ಜಾರಿಸಿದಳು.
ಅಷ್ಟರಲ್ಲಿ ನಾನು ಕೋಟಿನ ಒಂದು ತೋಳಿನೊಳಗಿದ್ದೆ,
ಫ್ರಿಜ್ಜಿನ ಮೇಲಿನ ಗ್ಲೌಸು ಜೇಬಿನಲ್ಲಿ.
ಹತ್ತೂಕಾಲರ ಫೆರಿಗೆ
ಇನ್ನೂ ಹನ್ನೆರಡು ನಿಮಿಷವಿತ್ತು.