ನಾಲ್ಕನೇ ಮೈಕು

ಬೆಂಕಿ ಖರ್ಚು ಮಾಡುವ ನೂರು ರೂಪಾಯಿಯಲ್ಲಿ
ಸದ್ದಿನ ಪಾಲು ಎಂಟಾಣೆ.
ಆ ಎಂಟಾಣೆಗೇ ಮೇಲೆ ಕೂತ ಉಪಗ್ರಹದ
ಬೆಸುಗೆ ಬಿಡುತ್ತದೆ, ತಿರುಪು ಕಳಚುತ್ತದೆ.
ಅದಕ್ಕೇ ನನಗೆ ಸಂಬಳ.

ಮಾಜಾಳಿಯ ಬಾಡಿಗೆ ಕೋಣೆಯಲ್ಲಿ ಮೂರು ವಾರ
ಇನ್ನೂ ಹುಟ್ಟದ ಗದ್ದಲವನ್ನು ಕಾಗದದ ಮೇಲೆ ಕೇಳಿದೆ.
ದೂರ ಎರಡರಷ್ಟಾದರೆ ಆರು ಕಳೆ:
ನೂರು ಮೀಟರಿಗೆ ನೂರಾ ನಲವತ್ತು,
ಇನ್ನೂರಕ್ಕೆ ನೂರಾ ಮೂವತ್ನಾಲ್ಕು,
ಹೀಗೇ ಮೆಟ್ಟಿಲು ತಪ್ಪದೆ ಇಳಿದು
ಎಂಟುನೂರರಲ್ಲಿ, ತೀಳ್ಮಾತಿಯ ಬಂಡೆಯ ಬುಡಕ್ಕೆ,
ನೂರಾ ಇಪ್ಪತ್ತೆರಡು.

ಮೈಕುಗಳನ್ನು ವಿಠೋಬಾ ತಾಂಡೇಲರ ದೋಣಿಯಲ್ಲಿ ಒಯ್ದೆವು,
ಮೊಟ್ಟೆ ಒಯ್ದ ಹಾಗೆ, ತೊಡೆಯ ಮೇಲಿಟ್ಟು.
ಒಂದೊಂದರ ಕಿವಿ ಹಿಡಿದು ಒಂದೇ ಸ್ವರ ಹೇಳಿಕೊಟ್ಟೆ:
ಇದು ತೊಂಬತ್ನಾಲ್ಕು, ಮರೆಯಬೇಡ.
ಮೂರನ್ನು ಪೀಪಾಯಿಗಳ ಮೇಲೆ ತೇಲಿಬಿಟ್ಟು
ನಾಲ್ಕನೆಯದನ್ನು ದಂಡೆಯಲ್ಲಿ, ತಗಡಿನ ತಟ್ಟೆಯ ಮೇಲೆ
ಬೋರಲು ಮಲಗಿಸಿದೆ.
ಸುತ್ತ ಎಳ್ಳಿನಂಥ ಕರಿ ಮರಳು.

ಬೆಳಿಗ್ಗೆ ಏಳು ಹದಿನಾರು.
ಮೊದಲು ಬಾರ್ಜಿನ ಮೇಲೆ ಬೆಳಕು. ಮಾತಿಲ್ಲ.
ಬೆಳಕಿಗೂ ಸದ್ದಿಗೂ ನಡುವೆ ಎರಡು ಸೆಕೆಂಡು ಚಿಲ್ಲರೆ
ಕಡಲು ಹಳೆಯ ಕಡಲೇ ಆಗಿತ್ತು.
ಆಮೇಲೆ ತಟ್ಟೆಯ ಅಂಚಿನ ಮರಳು
ಒಗ್ಗರಣೆಯ ಸಾಸಿವೆಯಂತೆ ಎದ್ದು ಕುಣಿಯಿತು.
ಕಿವಿ ಮುಚ್ಚಿಕೊಂಡಿದ್ದೆ; ಹಲ್ಲು ಕೇಳಿಸಿಕೊಂಡಿತು.

ಮೊದಲ ಮೂರು ಮೈಕು ಕಾಗದಕ್ಕೆ ವಿಧೇಯ.
ನಾಲ್ಕನೆಯದು ನೂರಾ ಇಪ್ಪತ್ತೈದು ಎಂದಿತು.
ಮೂರು ಹೆಚ್ಚು. ಮೂರೆಂದರೆ ಈ ಲೆಕ್ಕದಲ್ಲಿ ಇಮ್ಮಡಿ,
ನಮಗೆ ಹೇಳದೆ ಇನ್ನೊಂದು ರಾಕೆಟ್ಟು ಹಾರಿದ ಹಾಗೆ.

ರಾತ್ರಿಯೆಲ್ಲ ತಂತಿ ನೋಡಿದೆ, ತೇವ ನೋಡಿದೆ,
ಬೆಳಗಿನ ಜಾವ ನೆನಪಾಯಿತು, ಮಂಜು.
ಎಂಟು ವರ್ಷದವಳು ನಾನು, ಅಪ್ಪನ ದೋಣಿಯ ಮೂತಿಯಲ್ಲಿ.
ದಂಡೆ ಕಾಣದು.
‘ಕೂಗು ಶೇವಂತಿ, ನಿನ್ನದು ಸಪೂರ ದನಿ, ದೂರ ಹೋಗ್ತದೆ.’
ನಾನು ಕೂಗಿದೆ, ಅಪ್ಪ ಎಣಿಸಿದ.
ಮೂರಕ್ಕೆ ಮೊದಲೇ ಗುಡ್ಡ ಓಗೊಟ್ಟರೆ
ಹುಟ್ಟು ತಿರುಗಿಸಬೇಕು, ಮುಂದೆ ಕಲ್ಲಿದೆ.

ಇದೇ ಗುಡ್ಡ.
ಮೈಕಿನ ಬೆನ್ನಿಗೆ ಅರವತ್ತು ಮೀಟರಿನಲ್ಲಿ ನಿಂತಿತ್ತು.
ಲೆಕ್ಕಕ್ಕೆ ಸೇರಿಸಿದೆ. ಎರಡು ತಾಳೆಯಾಯಿತು.

ಮೂವತ್ತು ವರ್ಷ ಡೀಸೆಲ್ ಎಂಜಿನ್ನಿನ ಪಕ್ಕ ಕೂತ ಕಿವಿ ಅಪ್ಪನದು,
ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದೆ.
‘ನೂರಾ ಇಪ್ಪತ್ತೈದಾ? ಕಿಲೋಗಾ?’
ನಕ್ಕೆವು.

ಉಳಿದ ಒಂದಕ್ಕೆ ವರದಿಯಲ್ಲಿ ಕಾರಣ ಬರೆಯಲೇಬೇಕು.
‘ಗಾಳಿ’ ಎಂದು ಬರೆದೆ.
ಆ ಬೆಳಿಗ್ಗೆ ಗಾಳಿಯಿರಲಿಲ್ಲ.