ತುಕ್ಕಿಗೆ ಸಂಬಳ

ಝುವಾರಿನಗರದ ಗುಡ್ಡದ ಮೇಲೆ ನೆಟ್‌ವರ್ಕ್ ಸಿಗುವುದು
ಒಂದೇ ಜಾಗದಲ್ಲಿ: ಟ್ಯಾಂಕರಿಗೆಂದು ಸಾಲಾಗಿ ಇಟ್ಟ
ನೀಲಿ ಡ್ರಮ್ಮುಗಳ ಪಕ್ಕ.
ಅಲ್ಲಿ ನಿಂತು ಓದುತ್ತೇನೆ.
ಹುದ್ದೆ ಒಂದು. ಅವಧಿ ಮೂರು ವರ್ಷ.
ಅನುದಾನ ಮಂಜೂರಾದರೆ ಮಾತ್ರ.
ಆ ‘ಆದರೆ’ಯ ಮೇಲೆ
ಎಷ್ಟು ಜನ ಮನೆ ಕಟ್ಟಿಕೊಂಡಿದ್ದಾರೋ.

ಹನ್ನೊಂದು ತಿಂಗಳಾಯಿತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿದ್ದೇನೆ:
ಊರು, ಗೈಡು, ವಿಷಯ, ಕೊನೆಯ ದಿನ, ರೊಕ್ಕ ಎಲ್ಲಿಂದ.
ಐದನೆಯ ಕಾಲಮ್ಮು ಇನ್ನೂ ಬಿಳಿ ಬಿಳಿ.
ಪುಣೆಯವರು ಸೌಜನ್ಯದಿಂದ ಬರೆದರು,
ನಿನ್ನ ಫೆಲೋಶಿಪ್ ನೀನೇ ತಂದರೆ ಖಂಡಿತ ಬಾ.
ಅಕ್ಕಿ ತಂದರೆ ಊಟಕ್ಕೆ ಕರೆಯುವ ಮನೆ.
ಮುಂಬೈಯವರು ಬರೆಯಲೇ ಇಲ್ಲ.
ಯಾವುದೋ ಚಳಿದೇಶದ ಉತ್ತರ ಎರಡೇ ನಿಮಿಷದಲ್ಲಿ ಬಂತು.
ಅಷ್ಟು ಬೇಗ ಮನುಷ್ಯರು ಇಲ್ಲ ಅನ್ನುವುದಿಲ್ಲ,
ಯಂತ್ರವೇ ಇರಬೇಕು.

ಅಪ್ಪ ಯಮನಪ್ಪ ಬಾರ್ಜುಗಳ ತುಕ್ಕು ಕೆರೆಯುವವ.
ಅದಿರು ಹೊತ್ತು ಸುಸ್ತಾದ ಹಡಗು ದಡಕ್ಕೆ ಬಂದು ಮಲಗಿದಾಗ
ಸುತ್ತಿಗೆ ಹಿಡಿದು ಅದರ ಹೊಟ್ಟೆಯ ಕೆಳಗೆ ಹೋಗುತ್ತಾನೆ.
ಕೂಲಿ ಚದರ ಮೀಟರಿನ ಲೆಕ್ಕ.
ಸಂಜೆ ತಲೆ ಕೊಡವಿದರೆ
ಕಿವಿಯಿಂದ ಕೆಂಪು ಹೊಟ್ಟು ಉದುರುತ್ತದೆ,
ಅವ್ವ ಬೈಯುತ್ತ ಗುಡಿಸುತ್ತಾಳೆ.
ಅರ್ಧ ಕೇಳುತ್ತದೆ ಅವನಿಗೆ. ಆದ್ದರಿಂದ ನಮ್ಮ ಮನೆಯಲ್ಲಿ
ಗುಟ್ಟೂ ಕೂಗಿಯೇ ಹೇಳಬೇಕು.

‘ದಿನಾ ಏನ ಹುಡುಕತಿ ಅದರಾಗ?’
‘ಓದಾಕ ರೊಕ್ಕ ಕೊಡೋರನ್ನ!’
‘ಓದಾಕ? ನಾವ ಕೊಡೂದಲ್ಲೇನು?’
‘ಇಲ್ಲಪಾ, ಅವರ ಕೊಡತಾರ. ತಿಂಗಳಾ ತಿಂಗಳಾ.
ಕಬ್ಬಿಣಕ್ಕ ಉಪ್ಪುನೀರಾಗ ತುಕ್ಕು ಹೆಂಗ ಹಿಡಿತೈತಿ ನೋಡಾಕ!’

ನಕ್ಕ. ಹಲ್ಲೆಲ್ಲ ಕಾಣುವಂತೆ ನಕ್ಕ.
‘ತಗೋ, ನಾ ಹೇಳತೀನಿ, ಪುಕ್ಕಟೆ.
ಪೂರಾ ಮುಳುಗಿದ್ದು ಅಷ್ಟ ತಿನ್ನೂದಿಲ್ಲ.
ತೆರಿ ಬಡದು ಆರತೈತಿ, ಬಡದು ಆರತೈತಿ ನೋಡು, ಆ ಪಟ್ಟಿ,
ಅಲ್ಲೇ ಮೊದಲ ಹೋಗತೈತಿ.’
ಅದನ್ನೇ ನಾನು ನನ್ನ ಪ್ರಸ್ತಾವದ ಎರಡನೆಯ ಪುಟದಲ್ಲಿ ಬರೆದಿದ್ದೆ,
ನಾಲ್ಕು ಉಲ್ಲೇಖಗಳೊಂದಿಗೆ.
ಒಂದರಲ್ಲೂ ಅಪ್ಪನ ಹೆಸರಿರಲಿಲ್ಲ.

ಹೋದ ತಿಂಗಳು ಸಂದರ್ಶನ. ಸೇತುವೆ ದಾಟಿ ಎರಡು ಬಸ್ಸು.
ಪಿನ್ನು ಹಾಕಿದ ಸೀರೆ, ಅಕ್ಕನ ಚಪ್ಪಲಿ.
ಐದು ಜನ, ಐದು ನೀರಿನ ಬಾಟಲಿ, ಬಿಸ್ಕೀಟು ಯಾರೂ ಮುಟ್ಟಿಲ್ಲ.
ಕುಂಕಳೇಕರ್ ಸರ್ ಕನ್ನಡಕ ತೆಗೆದು ಕೇಳಿದರು:
ಇದೇ ವಿಷಯ ಯಾಕಮ್ಮ?
ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ.
ಸವೆತದಿಂದ ಕೈಗಾರಿಕೆಗೆ ಆಗುವ ನಷ್ಟ, ಲೇಪನದ ಆಯಸ್ಸು, ಇತ್ಯಾದಿ.
ಸರಿಯಾಗಿಯೇ ಹೇಳಿದೆ. ಅವರು ತಲೆದೂಗಿದರು.
ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ
‘ಖಾಸಗಿ’ ಎಂದು ಬರೆದವಳೂ ನಾನೇ.

ನಿನ್ನೆ ಪಟ್ಟಿ ಬಂತು. ಕಾಯುವವರಲ್ಲಿ ಮೊದಲಿನವಳು.
ಆಯ್ಕೆಯಾದ ಒಬ್ಬರಿಗೆ ಸೇರಲು ಶುಕ್ರವಾರದವರೆಗೆ ಸಮಯ.
ಹೆಸರಿಲ್ಲ, ಬರೀ ನಂಬರು, ಕೊನೆಗೆ ನಲವತ್ತೊಂದು.
ನಲವತ್ತೊಂದು, ನೀನು ಯಾರೋ ಗೊತ್ತಿಲ್ಲ,
ನೀನೂ ಎಲ್ಲೋ ಕಿಟಕಿಯಾಚೆ ಫೋನು ಚಾಚಿ ನಿಂತಿರಬಹುದು.
ನಿನಗೆ ಕೆಡುಕು ಬಯಸಲಾರೆ.
ಇದಕ್ಕಿಂತ ದೊಡ್ಡದು, ಐದು ವರ್ಷದ್ದು, ದೂರದ್ದು
ನಿನಗೆ ಸಿಗಲಿ. ಗುರುವಾರದೊಳಗೆ ಸಿಗಲಿ.

ಅಪ್ಪ ಬಾಗಿಲಲ್ಲಿ ನಿಂತು ಕೂಗುತ್ತಾನೆ, ಇಡೀ ಗುಡ್ಡಕ್ಕೆ ಕೇಳುವಂತೆ:
‘ಚದರ ಮೀಟರಿಗೆ ಎಷ್ಟಂತ ಕೊಡತಾರಬೇ?’
ಹೇಳುವಷ್ಟರಲ್ಲಿ
ಟ್ಯಾಂಕರಿನ ಹಾರ್ನು.
ಪೈಪು ಹಿಡಿಯಬೇಕು.